ತಂಗಿಯ ತೂಕ, ಊರಿನ ಚಿಂತೆ

ನಮ್ಮ ಚಿಕ್ಕೋಡಿ ಕಡೆ ಇಬ್ಬರು ಭೇಟಿಯಾದರೆ ನಮಸ್ಕಾರಕ್ಕಿಂತ ಮೊದಲು ಮೈ ನೋಡುತ್ತಾರೆ. "ಯಾಕೋ, ಭಾಳ ಸೊರಗೀಯಲ್ಲೋ?" ಅನ್ನುತ್ತಾರೆ, ಇಲ್ಲವೆ "ಏನ್ರೀ, ಭಾರಿ ಉಬ್ಬೀರಲ್ಲ!" ಅನ್ನುತ್ತಾರೆ. ಇವೆರಡರ ನಡುವಿನ ಮೂರನೇ ಮಾತನ್ನು ನಾನು ಇಂದಿನವರೆಗೆ ಕೇಳಿಲ್ಲ. ಬೇರೆ ಕಡೆಯಾದರೆ ಹೊಡೆದಾಟವಾಗುತ್ತಿತ್ತು, ನಮ್ಮಲ್ಲಿ ಇದಕ್ಕೆ ಕಾಳಜಿ ಎಂದು ಹೆಸರು.

ಇಂಥ ಕಾಳಜಿಯ ಊರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟುಕೊಂಡು ಕೂತವನು ನಾನು. ಬೀಗರಿಗೆ ತೋರಿಸಲು ಕನ್ಯೆಯ ಫೋಟೋ, ವರನ ಫೋಟೋ ತೆಗೆಯುವುದೇ ನನ್ನ ಮುಖ್ಯ ಕಸುಬು. ಊರವರ ಲಗ್ನಗಳೆಲ್ಲ ನನ್ನ ಕ್ಯಾಮೆರಾದಿಂದ ಕೂಡಿ ಬರುತ್ತಿದ್ದವು. ಮನೆಯಲ್ಲಿದ್ದ ತಂಗಿಯದು ಮಾತ್ರ ಕೂಡಿ ಬರುತ್ತಿರಲಿಲ್ಲ. ತಂಗಿಯದಾಗುವ ತನಕ ಅಣ್ಣ ತನ್ನ ಮದುವೆಯ ಸುದ್ದಿ ಎತ್ತಬಾರದು ಎಂಬುದು ಅವ್ವನ ಕಾನೂನು. ಹೀಗಾಗಿ ಆಕೆಯ ತೂಕದ ಏರಿಳಿತದ ಮೇಲೆ ನನ್ನ ಭವಿಷ್ಯವೂ ನಿಂತಿತ್ತು.

ಮೂರು ಅಂಗಿಯ ವರ

ಎಂಬತ್ತರ ದಶಕದಲ್ಲಿ ದಪ್ಪ ಅಂದರೆ ಉಂಡುಟ್ಟ ಮನೆತನ. ಹೊಲ ಎಷ್ಟಿದೆ ಎಂದು ಕೇಳುವ ಮೊದಲು ಹೊಟ್ಟೆ ನೋಡುತ್ತಿದ್ದರು. ಕ್ಯಾಲೆಂಡರಿನ ದೇವಿಯರೂ ಗುಂಡಗೆ, ಟಾಕೀಸಿನ ಪೋಸ್ಟರಿನ ನಾಯಕಿಯರೂ ಗುಂಡಗೆ. ತೆಳ್ಳಗಿನ ಹುಡುಗಿಯನ್ನು ಕರೆತಂದ ತಾಯಂದಿರು ನನ್ನ ಕಿವಿಯಲ್ಲಿ, "ಸ್ವಲ್ಪ ಮೈ ತುಂಬಿದಂಗ ಕಾಣ್ಲಿ ನೋಡ್ರಿ" ಅನ್ನುತ್ತಿದ್ದರು. ನನ್ನ ಹತ್ತಿರ ಉಪಾಯಗಳಿದ್ದವು. ಗಂಜಿ ಹಾಕಿ ಕಡಕ್ ಮಾಡಿದ ಸೀರೆ ಉಡಿಸಿದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಉಳಿದರ್ಧವನ್ನು ಒಳಗೊಂದು ಸ್ವೆಟರು ಮಾಡುತ್ತಿತ್ತು.

ಒಂದು ಬೇಸಿಗೆಯಲ್ಲಿ ರಾಯಬಾಗ ಕಡೆಯಿಂದ ಒಬ್ಬ ವರ ಬಂದ. ನಾನು ಏನೂ ಹೇಳುವ ಮೊದಲೇ ಅವನ ತಾಯಿ ಮಗನಿಗೆ ಒಂದರ ಮೇಲೊಂದು ಮೂರು ಅಂಗಿ, ಅದರ ಮೇಲೆ ಸ್ವೆಟರು, ಅದರ ಮೇಲೆ ಅಪ್ಪನ ಕೋಟು ತೊಡಿಸಿ ನಿಲ್ಲಿಸಿದಳು. ನಾನು ದೊಡ್ಡ ದೀಪ ಹಚ್ಚಿದೆ. ಹುಡುಗನ ಪೌಡರು ಬೆವರಿನ ಜೊತೆ ಇಳಿಯತೊಡಗಿತು. "ಯವ್ವಾ, ಒಂದ ಅಂಗಿ ಬಿಚ್ಚಲೇನ ಬೇ?" ಎಂದ. "ಲಗ್ನ ಆಗಬೇಕಂದ್ರ ಸುಮ್ಮನ ನಿಂದರು" ಎಂದಳು ತಾಯಿ. ನಾನು ಗುಂಡಿ ಒತ್ತುವುದಕ್ಕೂ ಅವನು ತಲೆ ತಿರುಗಿ ಬೀಳುವುದಕ್ಕೂ ಸರಿಹೋಯಿತು. ಆದರೆ ಫೋಟೋ ಭರ್ಜರಿ ಬಂತು.

ಮುಂದೆ ಸ್ವಲ್ಪ ದಿನಕ್ಕೆ ಅವನು ನೋಡಲು ಹೋಗಿದ್ದ ಹುಡುಗಿಯ ಅಪ್ಪ ಆ ಫೋಟೋ ಹಿಡಿದುಕೊಂಡು ನನ್ನ ಅಂಗಡಿಗೇ ಬಂದ.

"ಈ ಫೋಟೋ ನೀವ ತಗದಿದ್ದೇನ್ರಿ?"

"ಹೌದ್ರಿ. ಯಾಕ್ರಿ?"

"ನಮ್ಮ ಮನಿಗೆ ಬಂದಾಂವ ಇಂವಲ್ರಿ. ಇವನ ಒಳಗಿಂದ ಯಾರೋ ಒಬ್ಬ ಬಂದಿದ್ದ."

ಹುಡುಗಿಗಷ್ಟ ಒಪ್ಪತ್ತು

ನನ್ನ ತಂಗಿ ಆಗ ಟಿ.ಸಿ.ಎಚ್. ಮುಗಿಸಿ ನೌಕರಿಯ ದಾರಿ ಕಾಯುತ್ತಿದ್ದಳು. ಬಾಯಿ ಜೋರು, ಮೈ ಮಾತ್ರ ಕಡ್ಡಿ. ಮೊದಲ ಸಲ ಕನ್ಯೆ ನೋಡಲು ಅಥಣಿಯವರು ಬಂದರು. ವರನ ಅಜ್ಜಿ ಬೇರೇನೂ ಕೇಳಲಿಲ್ಲ. ತಂಗಿಯ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಎತ್ತಿ ಎಲ್ಲರಿಗೂ ತೋರಿಸಿದಳು. "ನಮ್ಮದು ಕಬ್ಬಿನ ಕಮತ. ದಿನಾ ಬುಟ್ಟಿಗಟ್ಟಲೆ ರೊಟ್ಟಿ ಆಗಬೇಕು. ಈ ಕೈ ರೊಟ್ಟಿ ಬಡೀತೈತೋ, ರೊಟ್ಟಿನ ಈ ಕೈ ಬಡೀತೈತೋ?" ಎಂದು ಎದ್ದು ಹೋದಳು.

ಅವ್ವನಿಗೆ ಈ ಮಾತು ನಾಟಿತು. ಮರುದಿನದಿಂದ ಮನೆಯಲ್ಲಿ ಯುದ್ಧದ ತಯಾರಿ ನಡೆಯಿತು. ಬೆಳಿಗ್ಗೆ ಎಮ್ಮೆ ಹಾಲು, ನಂತರ ಅಂಟಿನುಂಡೆ, ಮಧ್ಯಾಹ್ನ ಬೊಗಸೆ ತುಪ್ಪದ ಊಟ, ಸಂಜೆಗೆ ಶೇಂಗಾ ಹೋಳಿಗೆ. ಓಣಿಯ ಹೆಂಗಸರು ಹೊಸ ಹೊಸ ತಿನಿಸು ಸೂಚಿಸಿ ಹೋಗುವರು. ತಂಗಿ ಎರಡು ತುತ್ತು ತಿಂದು, "ಇನ್ನ ಒಲ್ಲೆ ಬೇ, ಹೊಟ್ಟಿ ಒಡೀತೈತಿ" ಎಂದು ತಾಟು ಸರಿಸುವಳು. ತುಪ್ಪದ ಅನ್ನ ಚೆಲ್ಲಲು ಅವ್ವನಿಗೆ ಮನಸ್ಸು ಬಾರದು. ಉಳಿದದ್ದನ್ನು ಅಪ್ಪನಿಗೆ, ನನಗೆ ಮತ್ತು ತನಗೆ ಸಮ ಪಾಲು ಹಾಕುವಳು.

ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಮುಗಳಖೋಡದಿಂದ ಒಂದು ಮನೆತನದವರು ಬಂದರು. ಅವರಲ್ಲಿ ಹಿರಿಯರೊಬ್ಬರು ಜಮಖಾನೆಯ ಮೇಲೆ ಕುಳಿತು ಅಪ್ಪನನ್ನು ನೋಡಿದರು, ಬಾಗಿಲು ತುಂಬ ನಿಂತಿದ್ದ ಅವ್ವನನ್ನು ನೋಡಿದರು, ಅಂಗಿಯ ಗುಂಡಿ ಹಾಕಲು ಬಾರದೆ ಒದ್ದಾಡುತ್ತಿದ್ದ ನನ್ನನ್ನು ನೋಡಿದರು. ಕೊನೆಗೆ ಚಹಾದ ತಾಟು ಹಿಡಿದು ಬಂದ ತಂಗಿಯನ್ನು ನೋಡಿ ಮರುಗಿದರು.

"ಏನ್ರೀ ಇದು? ನೀವೆಲ್ಲಾರೂ ಹೊಟ್ಟಿ ತುಂಬ ಉಣ್ತೀರಿ, ಹುಡುಗಿಗಷ್ಟ ಒಪ್ಪತ್ತೇನ್ರಿ?"

ಕುರ್ಚಿ ಒಪ್ಪಿತು

ಅಷ್ಟರಲ್ಲಿ ತಂಗಿಗೆ ಚಿಂಚಲಿಯ ಶಾಲೆಯಲ್ಲಿ ನೌಕರಿಯಾಯಿತು. ಅಲ್ಲೇ ಖೋಲಿ ಹಿಡಿದು ಉಳಿದಳು. ಅವ್ವನ ಕಣ್ಣು ತಪ್ಪಿದ್ದೇ ತಡ, ಹಸಿವು ಅನ್ನುವುದು ಏನೆಂದು ಆಕೆಗೆ ಗೊತ್ತಾಯಿತು. ತನಗೆ ಬೇಕಾದ್ದನ್ನು ತಾನೇ ಮಾಡಿಕೊಂಡು, ಯಾರ ಬಲವಂತವೂ ಇಲ್ಲದೆ ಉಂಡಳು. ಕೆಲವು ವರ್ಷಗಳಲ್ಲಿ ಮೈ ಕೈ ಎಷ್ಟು ತುಂಬಿದವೆಂದರೆ ಹಳೆಯ ಬಳೆ ಒಂದೂ ಏರದಾಯಿತು. ಅವ್ವನ ಸಂತೋಷಕ್ಕೆ ಮಿತಿಯಿರಲಿಲ್ಲ. "ಈಗ ಬರ್ಲಿ, ಯಾರ ಬರ್ತಾರ ನೋಡೂಣು" ಎಂದು ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಸವಾಲು ಹಾಕಿದಳು.

ಬಂದದ್ದು ಡಿಶ್ ಆಂಟೆನಾ. ತೊಂಬತ್ತರ ದಶಕ ಶುರುವಾಗಿತ್ತು. ಓಣಿಯ ಒಬ್ಬ ಪುಣ್ಯಾತ್ಮ ಮಾಳಿಗೆಯ ಮೇಲೆ ದೊಡ್ಡ ಬುಟ್ಟಿ ಕೂಡ್ರಿಸಿ ಮನೆಮನೆಗೆ ಕೇಬಲ್ ಎಳೆದ. ಅದರಲ್ಲಿ ಬರುವ ಹುಡುಗಿಯರಿಗೆ ಸೊಂಟ ಅನ್ನುವುದು ಹುಡುಕಿದರೂ ಸಿಗುತ್ತಿರಲಿಲ್ಲ. ಸೋಪು, ಚಹಾಪುಡಿ, ಸ್ಕೂಟರು ಯಾವುದರ ಜಾಹೀರಾತಿದ್ದರೂ ಪಕ್ಕಕ್ಕೊಬ್ಬಳು ಉಪವಾಸದ ಹುಡುಗಿ ಬೇಕೇ ಬೇಕು. ನಮ್ಮ ಮಂದಿ ಎರಡೇ ವರ್ಷದಲ್ಲಿ ಪಕ್ಷ ಬದಲಿಸಿಬಿಟ್ಟರು. ಮೊದಲು ಮೈ ತುಂಬಿಸಿರಿ ಅಂದಿದ್ದ ತಾಯಂದಿರೇ ಈಗ ಕಿರಿ ಮಗಳನ್ನು ಕರೆತಂದು, "ಸ್ವಲ್ಪ ಸಣ್ಣ ಕಾಣ್ಲಿ ನೋಡ್ರಿ" ಎಂದರು. ಗಂಜಿ ಸೀರೆ ಮೂಲೆಗೆ ಸೇರಿತು. ನಾನು ಪ್ಲಾಸ್ಟಿಕ್ ಹೂವಿನ ದೊಡ್ಡ ಕುಂಡ ತಂದು ಹುಡುಗಿಯರನ್ನು ಅದರ ಹಿಂದೆ ಅರ್ಧ ನಿಲ್ಲಿಸತೊಡಗಿದೆ.

ತಂಗಿ ಮಾತ್ರ ಕುಂಡದ ಹಿಂದೆ ನಿಲ್ಲಲು ಒಪ್ಪಲಿಲ್ಲ. "ನಾ ಏನ ಕದ್ದೀನೇನು, ಅಡಗಾಕ?" ಎಂದಳು. ಇದ್ದ ಹಾಗೇ ತೆಗೆದ ಫೋಟೋ ನಿಪ್ಪಾಣಿಗೆ ಹೋಯಿತು. ಅಲ್ಲಿಯ ತಂಬಾಕು ವ್ಯಾಪಾರಿಯ ಮನೆಯವರು ನೋಡಲು ಬಂದರು. ಅಂಗಿಯ ನಡುವಿನ ಗುಂಡಿಗಳು ಪ್ರಾಣ ಹಿಡಿದುಕೊಂಡಿದ್ದ ವರ, ನಮ್ಮ ಕೈಯಿರುವ ಕಟ್ಟಿಗೆ ಕುರ್ಚಿಯಲ್ಲಿ ತನ್ನನ್ನು ತುರುಕಿಕೊಂಡು ಕುಳಿತ. ಎರಡು ತಾಟು ಶಿರಾ ತಿಂದು ಬಾಯಿ ಒರೆಸಿಕೊಳ್ಳುತ್ತ ಅಪ್ಪನ ಮುಂದೆಯೇ ತನ್ನ ತಾಯಿಗೆ ಮರಾಠಿಯಲ್ಲಿ, "ಮುಲಗಿ ಚಾಂಗಲಿ ಆಹೆ, ಪಣ ಜಾಡಿ ಆಹೆ" ಅಂದ. ಹುಡುಗಿ ಚೆನ್ನಾಗಿದ್ದಾಳೆ, ಆದರೆ ದಪ್ಪ ಎಂದು ಅರ್ಥ. ಮರಾಠಿ ನಮಗೇನು ಇಂಗ್ಲಿಷೇ? ಮನೆಯ ಬೆಕ್ಕಿಗೂ ತಿಳಿಯಿತು. "ನನಗ ಟೀವ್ಯಾಗಿನಂಥಾ ಸ್ಲಿಮ್ ಹುಡುಗಿ ಬೇಕ್ರಿ" ಎಂದು ಕನ್ನಡದಲ್ಲೂ ಸ್ಪಷ್ಟಪಡಿಸಿ ಅವನು ಎದ್ದ. ಅವನ ಜೊತೆ ಕುರ್ಚಿಯೂ ಎದ್ದಿತು. ಅಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದು ಜಗ್ಗಿದೆವು, ಬಿಡಲಿಲ್ಲ.

ಬಾಗಿಲಲ್ಲಿ ನಿಂತಿದ್ದ ತಂಗಿ ಹೇಳಿದಳು: "ಜಗ್ಗಬ್ಯಾಡ್ರಿ ಬಿಡ್ರಿ ಅಪ್ಪಾ. ಕುರ್ಚಿ ಅವರನ್ನ ಒಪ್ಪೇತಿ. ಉಡಿ ತುಂಬಿ ಕಳಸರಿ."

ಎಷ್ಟು ನಡೆದಿ?

ಕುರ್ಚಿಯ ಸುದ್ದಿ ನಿಪ್ಪಾಣಿಯ ಆಚೆಗೂ ಹರಡಿದ ಮೇಲೆ ವರಗಳು ಬರುವುದು ಕಡಿಮೆಯಾಯಿತು. ಅವ್ವ ಗಾಬರಿಯಾದಳು. ತುಪ್ಪ ಬಡಿಸಿದ ಕೈಯಿಂದಲೇ ಈಗ ತುಪ್ಪದ ಡಬ್ಬಿಗೆ ಕೀಲಿ ಹಾಕಿದಳು. ತಂಗಿ ಅಷ್ಟೊತ್ತಿಗೆ ಹತ್ತಿರದ ಕರೋಶಿಗೆ ವರ್ಗವಾಗಿ ಬಂದು ಮನೆಯಿಂದಲೇ ಓಡಾಡುತ್ತಿದ್ದಳು. ಟೀವಿಯಲ್ಲಿ ಯಾವಳೋ ನಡೆದರೆ ಮೈ ಇಳಿಯುತ್ತದೆ ಅಂದಳಂತೆ. "ಇನ್ನ ಮ್ಯಾಲ ಸಂಜಿಕ ಬಸ್ ಹತ್ತಬ್ಯಾಡ, ನಡಕೋತ ಬಾ" ಎಂದು ಅವ್ವ ಹುಕುಂ ಮಾಡಿದಳು.

ತಂಗಿ ನಡೆಯಲು ತಯಾರಿದ್ದಳು, ಊರು ತಯಾರಿರಲಿಲ್ಲ. ನಮ್ಮ ಕಡೆ ಕೆಲಸವಿಲ್ಲದೆ ಯಾರೂ ನಡೆಯುವುದಿಲ್ಲ. ನಡೆಯುತ್ತಿದ್ದಾರೆ ಅಂದರೆ ಏನೋ ಕಷ್ಟ ಬಂದಿದೆ ಎಂದೇ ಅರ್ಥ. ಶಾಲೆಯ ಮಕ್ಕಳ ಅಪ್ಪಂದಿರೆಲ್ಲ ಅದೇ ದಾರಿಯವರು. ಮೊದಲ ದಿನವೇ ಒಬ್ಬ ಚಕ್ಕಡಿ ನಿಲ್ಲಿಸಿದ.

"ಅಕ್ಕೋರ, ಬಸ್ ತಪ್ಪಿತೇನ್ರಿ? ಹತ್ರಿ."

"ಇಲ್ರಿ, ನಾ ಸುಮ್ಮನ ನಡ್ಯಾಕತ್ತೀನಿ."

"ಸುಮ್ಮನ ಯಾರರ ನಡೀತಾರೇನ್ರಿ? ಬಡವರ ಚಕ್ಕಡಿ ಅಂತ ಒಲ್ಲೆ ಅಂತೀರೇನು?"

ಇಷ್ಟಾದ ಮೇಲೆ ಹತ್ತದಿದ್ದರೆ ಮನುಷ್ಯತ್ವವಲ್ಲ. ಹತ್ತಿದ ಮೇಲೆ ಅವನು ಕಟ್ಟಿಕೊಂಡಿದ್ದ ಹಸಿ ಶೇಂಗಾ ತಿನ್ನದಿದ್ದರೆ ಅದೂ ಮನುಷ್ಯತ್ವವಲ್ಲ. ಮುಂದೆ ಕಬ್ಬಿನ ಟ್ರ್ಯಾಕ್ಟರಿನವರು ನಿಲ್ಲಿಸಿದರು, ಗಳ ಮುರಿದು ಕೈಗಿತ್ತರು. ದಾರಿಯ ತೋಟದವರು ಕರೆದು ಚಹಾ, ಚೂಡಾ ಕೊಟ್ಟರು. ತಿಂಗಳೊಂದರಲ್ಲಿ ತಂಗಿಯ ಮೈ ಇನ್ನಷ್ಟು ತುಂಬಿತು. ಅವ್ವನಿಗೆ ಸಂಶಯ ಬಂದು ಒಂದು ಸಂಜೆ ಹೊಸ್ತಿಲಲ್ಲೇ ತಡೆದಳು.

"ಖರೇ ಹೇಳು, ಇವತ್ತ ಎಷ್ಟ ನಡದಿ?"

"ಎರಡ ಟ್ರ್ಯಾಕ್ಟರ, ಒಂದ ಚಕ್ಕಡಿ."

ಕಡಿಮೆ ಬಿದ್ದದ್ದು

ಕೊನೆಗೂ ಒಂದು ಮನೆತನ ಬಂತು. ಕಾಗವಾಡ ಕಡೆಯ ದ್ರಾಕ್ಷಿ ತೋಟದವರು, ಮಗ ಹೈಸ್ಕೂಲ್ ಮಾಸ್ತರ. ಸಾಧಾರಣ ಮೈಯ, ಕಡಿಮೆ ಮಾತಿನ ಮನುಷ್ಯ. ಉಪ್ಪಿಟ್ಟನ್ನು ಮೂರು ಸಲ ಹಾಕಿಸಿಕೊಂಡು ತಿಂದು, "ಯಾರ ಮಾಡಿದ್ದು?" ಎಂದು ಕೇಳಿದ. "ನಾನ" ಎಂದಳು ತಂಗಿ. "ನನಗ ಒಪ್ಪಿಗಿ ಐತಿ" ಎಂದ. ಆಕೆಯ ಮೈಯ ಬಗ್ಗೆ ಮಾತೇ ಎತ್ತದ ಮೊದಲ ವರ ಇವನೇ. ಅವನು ಹೋದ ಮೇಲೆ ತಂಗಿ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಅವಳಿಗೆ ಅವನು ಬೇಕಾಗಿದ್ದ ಎಂದು ನನಗೆ ಆಗ ಗೊತ್ತಾಯಿತು.

ತಾರೀಖು ಗೊತ್ತಾದ ದಿನ ಅವ್ವ ಒಂದು ಬಾಂಬು ಹಾಕಿದಳು. ಅಥಣಿಯ ಅಜ್ಜಿ ಎದ್ದು ಹೋದ ದಿನವೇ ಆಕೆ ನಮ್ಮ ಮನೆದೇವರ ಮಠಕ್ಕೆ ಹರಕೆ ಹೊತ್ತಿದ್ದಳಂತೆ. ಮಗಳ ಲಗ್ನ ಗೊತ್ತಾದರೆ, ಅಕ್ಷತೆಗೆ ಮೊದಲು ಆಕೆಯನ್ನು ತಕ್ಕಡಿಯಲ್ಲಿ ಕೂಡ್ರಿಸಿ ಬೆಲ್ಲದ ತುಲಾಭಾರ ಮಾಡಿ ಮಂದಿಗೆಲ್ಲ ಹಂಚುತ್ತೇನೆ ಎಂದು. ಅಪ್ಪ ತಲೆಗೆ ಕೈ ಹಚ್ಚಿದ. "ಆಗಿನ ಹರಕಿ ಆಗ ತೀರಿಸಿದ್ರ ಒಂದ ಹಿಡಿ ಬೆಲ್ಲದಾಗ ಮುಗೀತಿತ್ತಲ್ಲೇ" ಎಂದ.

ಅಲ್ಲಿಯ ತನಕ ಎಲ್ಲದಕ್ಕೂ ಉತ್ತರ ಕೊಟ್ಟಿದ್ದ ತಂಗಿ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. "ಊರ ಮುಂದ ತಕ್ಕಡ್ಯಾಗ ಕುಂದ್ರಸಿ ನನ್ನ ಮಾನ ಕಳೀತೀರಿ. ಬೀಗರು ನೋಡ್ತಾರ, ಅವರೂ ನೋಡ್ತಾರ. ಈ ಲಗ್ನನೂ ಹೋತು ತಿಳಕೋರಿ" ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೂ ಮೊದಲು ಎಂದೂ ನೋಡಿರಲಿಲ್ಲ. ನನಗೆ ಅವ್ವನ ಮೇಲೆ, ಊರಿನ ಮೇಲೆ, ಡಿಶ್ ಆಂಟೆನಾದ ಮೇಲೆ ಒಟ್ಟಿಗೇ ಸಿಟ್ಟು ಬಂತು. ಆದರೆ ಹರಕೆ ಹರಕೆಯೇ. ತಪ್ಪಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ತುಲಾಭಾರದ ದಿನ ಮಠದ ಅಂಗಳದಲ್ಲಿ ಕಾಳು ತೂಗುವ ದೊಡ್ಡ ತಕ್ಕಡಿ ಕಟ್ಟಿದ್ದರು, ಎರಡೂ ಕಡೆ ಹಗ್ಗಕ್ಕೆ ಹಲಗೆ. ಬೆಲ್ಲ ಹಂಚುತ್ತಾರೆಂದು ಚೀಲ ಹಿಡಿದ ಮಂದಿ ಅಂಗಳ ತುಂಬಿದ್ದರು. ಅವರಿಗೆ ತಂಗಿಯನ್ನು ನೋಡಿ ಆದ ಆನಂದವನ್ನು ಬಣ್ಣಿಸಲಾರೆ. ಟೀವಿ ಬಂದ ಮೇಲೆ ನಮ್ಮ ಸೀಮೆಯಲ್ಲಿ ದಪ್ಪ ಹುಡುಗಿಗೆ ಸಿಕ್ಕ ಮೊದಲ ಮರ್ಯಾದೆ ಅದು. ಒಂದು ಕಡೆ ಮಾಸ್ತರನ ಮನೆಯವರು ಸಾಲಾಗಿ ನಿಂತಿದ್ದರು. ತಂಗಿ ಕಣ್ಣು ಮುಚ್ಚಿ ಹಲಗೆಯ ಮೇಲೆ ಕುಳಿತಳು. ಅಪ್ಪ ಮತ್ತು ನಾನು ಬೆಲ್ಲದ ಪೆಂಟಿ ಒಂದೊಂದಾಗಿ ಎದುರು ಹಲಗೆಗೆ ಇಟ್ಟೆವು. ಇಟ್ಟೆವು, ಇಟ್ಟೆವು, ಬೆಲ್ಲ ಮುಗಿಯಿತು. ತಂಗಿಯ ಹಲಗೆ ನೆಲ ಬಿಟ್ಟಿರಲಿಲ್ಲ.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಿವಿಯಲ್ಲಿ ಹೇಳಿದ: "ಭಾಳ ಪೆಂಟಿ ತಂದ್ರ ಮಂದಿ ಮೊದಲ ಲೆಕ್ಕಾ ಹಾಕ್ತಾರಂತ ಕಡಿಮಿ ತಂದೀನೋ." ಮಗಳ ಮಾನ ಉಳಿಸಲು ಹೋಗಿ ಅಪ್ಪ ಮಾಡಿದ ಘನಂದಾರಿ ಕೆಲಸ ಇದು. ತೂಕ ಸಮ ಆಗುವ ತನಕ ಕುಳಿತವರು ಇಳಿಯುವ ಹಾಗಿಲ್ಲ, ಅಪಶಕುನ. ಯಾರೋ ಕಿಸಕ್ಕೆಂದು ನಕ್ಕರು. ಮಾಸ್ತರನ ತಾಯಿ ಪಕ್ಕದವಳ ಕಿವಿಗೆ ಬಾಗಿದಳು. ತಂಗಿಯ ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು.

ಆಗ ಮಾಸ್ತರ ಮುಂದೆ ಬಂದ. ಚಪ್ಪಲಿ ಬಿಟ್ಟ. "ಕಡಿಮಿ ಬಿದ್ದದ್ದು ನಮ್ಮ ಕಡೆಯಿಂದ ಇರ್ಲಿ" ಎಂದವನೇ, ಬೆಲ್ಲಕ್ಕೆ ಕಾಲು ತಾಗದಂತೆ ಹಗ್ಗ ಹಿಡಿದು ಎದುರು ಹಲಗೆಯ ಅಂಚಿಗೆ ಕುಳಿತುಬಿಟ್ಟ. ತಕ್ಕಡಿ ಕಿರ್ರೆಂದಿತು. ತಂಗಿಯ ಹಲಗೆ ಮೆಲ್ಲಗೆ ಮೇಲೆದ್ದಿತು, ತಕ್ಕಡಿಯ ಅಡ್ಡ ದಂಡಿಗೆ ಸಮ ನಿಂತಿತು. ತಂಗಿ ಕಣ್ಣು ತೆರೆದಳು. ಎದುರಿಗೆ ಅವಳಷ್ಟೇ ಎತ್ತರದಲ್ಲಿ ಅವನು ಕೂತಿದ್ದ. ಅಂಗಳದ ತುಂಬ ಚಪ್ಪಾಳೆ ಬಿತ್ತು.

ಮಠದ ಮುದುಕ ಪೂಜಾರಿಗೆ ಮಾತ್ರ ಸಮಾಧಾನವಾಗಲಿಲ್ಲ. ಕೋಲು ಕುಟ್ಟುತ್ತ ಬಂದು ನಿಯಮ ಹೇಳಿದ: "ತಡೀರಿ, ತಡೀರಿ. ತಕ್ಕಡ್ಯಾಗ ತೂಗಿದ್ದು ಏನಿದ್ರೂ ಮಠಕ್ಕ ಸೇರಿತು. ಎಲ್ಲಾ ಮಂದಿಗೆ ಹಂಚಬೇಕು. ಒಂದ ಚೂರೂ ಮನಿಗೆ ಒಯ್ಯಂಗಿಲ್ಲ."

ಮಾಸ್ತರನ ತಾಯಿ, "ಅಯ್ಯ ನನ ಶಿವನ, ನನ್ನ ಮಗಾ!" ಎಂದು ಎದೆಗೆ ಕೈ ಇಟ್ಟುಕೊಂಡಳು. ಜಗಲಿಯ ಮೇಲೆ ಕೂತಿದ್ದ ಮಠದ ಸ್ವಾಮಿಗಳು ನಗು ತಡೆಯಲು ಕಾವಿಯ ಸೆರಗು ಬಾಯಿಗೆ ಒತ್ತಿಕೊಂಡರು. ಸಾಲಿನ ಮುಂದೆ ಚೀಲ ತೆರೆದು ನಿಂತಿದ್ದ ಮುದುಕಿಯೊಬ್ಬಳು ಕೇಳಿಯೇಬಿಟ್ಟಳು: "ಹಂಗಾರ ನನ್ನ ಪಾಲಿಗೆ ಏನ ಬರ್ತೈತ್ರಿ? ಬೆಲ್ಲೋ, ಮಾಸ್ತರೋ?"

ತಂಗಿ ಹಲಗೆಯ ಮೇಲೆ ಕುಳಿತಲ್ಲಿಂದಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದಳು:

"ಬೆಲ್ಲ ಎಲ್ಲಾರೂ ಹಂಚಕೊಂಡ ತಿನ್ರಿ ಯಮ್ಮಾ. ಮಾಸ್ತರನ್ನ ನಾ ಒಬ್ಬಾಕಿನ ತಿಂತೀನಿ."