ಹದಿನಾರು ಕೋರು, ಒಂದು ಸಾರಿನ ಬಕೆಟ್ಟು

ಕಂಪ್ಯೂಟರ್ ನಿಧಾನವೆಂದು ಬೈಯುವವರು ಊರು ತುಂಬ ಇದ್ದಾರೆ. ನಿಧಾನವಾಗಿಯೇ ಇರಲಪ್ಪಾ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದವನು ಇಡೀ ಭದ್ರಾವತಿಯಲ್ಲಿ ನಾನೊಬ್ಬನೇ ಇರಬೇಕು.

ಕಾರಣವಿದೆ. ಹೆಂಡತಿ ಶ್ರೀಗೌರಿಯ ತವರು ಆಯನೂರು. ಅಲ್ಲಿ ಯಾವ ಪೂಜೆಯಾದರೂ ಊಟಕ್ಕೆ ಅಳಿಯಂದಿರೇ ಬಡಿಸಬೇಕೆಂಬ ಪದ್ಧತಿ. (ಅಳಿಯ ದೇವರ ಸಮಾನನಂತೆ. ದೇವರ ಕೈಗೆ ಸಾರಿನ ಬಕೆಟ್ಟು ಕೊಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.) ನಾನೋ ಶಿವಮೊಗ್ಗದ ಕಾರ್ಖಾನೆಯೊಂದಕ್ಕೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಯಂತ್ರಗಳ ಡ್ರಾಯಿಂಗ್ ಮಾಡುವವನು. "ಸಿಸ್ಟಮ್ ಹಳೇದು, ಚಕ್ರ ಇನ್ನೂ ತಿರುಗ್ತಿದೆ, ಬಿಟ್ಟು ಬರೋ ಹಾಗಿಲ್ಲ" ಎಂಬ ಮಹಾಮಂತ್ರದಿಂದ ಎಷ್ಟೋ ಪಂಕ್ತಿಗಳಿಂದ ಪಾರಾಗಿದ್ದೆ.

ಆಫೀಸಿನವರು ಹೊಸ ಕಂಪ್ಯೂಟರ್ ಕೊಟ್ಟು ನನ್ನ ಹೊಟ್ಟೆ ಉರಿಸಿದರು. ಹದಿನಾರು ಕೋರಿನದು, ಅಂದರೆ ಒಂದರೊಳಗೇ ಹದಿನಾರು ಮಿದುಳು, ರಾವಣನಿಗಿಂತ ಆರು ತಲೆ ಹೆಚ್ಚು. ಆ ಭಾನುವಾರವೇ ಮಾವನವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸೋಮವಾರ ಬೆಳಿಗ್ಗೆ ಡ್ರಾಯಿಂಗ್ ಸಿಗದಿದ್ದರೆ ಕಾರ್ಖಾನೆಯ ಕೆಲಸ ನಿಂತು, ಬಾಸ್ ಬಾಯಿ ಶುರುವಾಗುತ್ತದೆ.

"ಹದಿನಾರು ತಲೆ ಇದೆ ಅಂದ್ರಲ್ಲ, ಚಿಟಿಕೆ ಹೊಡೆಯೋದ್ರಲ್ಲಿ ಮುಗಿಯುತ್ತೆ. ಪಂಚೆ ಉಟ್ಕೊಳ್ಳಿ" ಎಂದಳು ಶ್ರೀಗೌರಿ.

ಯಂತ್ರದ ಶಾಫ್ಟಿನ ದಪ್ಪ ಬದಲಿಸಿ, ಉಳಿದ ಭಾಗಗಳೂ ಅದಕ್ಕೆ ಹೊಂದಿಕೊಳ್ಳಲೆಂದು ಬಟನ್ ಒತ್ತಿದೆ. ತೆರೆಯ ಮೇಲಿನ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಒಳಗೇನು ನಡೆದಿದೆ ಎಂದು, ಕೋರಿಗೊಂದು ಗೀಟು ತೋರಿಸುವ ಪುಟ ತೆರೆದು ನೋಡಿದರೆ, ಹದಿನಾರರಲ್ಲಿ ಒಂದೇ ಕೋರು ಬೆವರು ಸುರಿಸುತ್ತಿದೆ, ಉಳಿದ ಹದಿನೈದು ಮಲಗಿವೆ. ಹೋದ ಜೀವ ಬಂತು.

"ಏನ್ರೀ, ಒಂದೇ ಗೀಟು ಮೇಲಿದೆ, ಉಳಿದವೆಲ್ಲ ನೆಲ ಕಚ್ಚಿವೆ?"

"ನೋಡು ಮಾರಾಯ್ತಿ, ಮಷೀನ್ ಹೊಸದಾದ್ರೂ ಸಾಫ್ಟ್‌ವೇರ್ ಬುದ್ಧಿ ಹಳೇದು. ಶಾಫ್ಟ್ ಆದ್ಮೇಲೆ ತೂತು, ತೂತಾದ್ಮೇಲೆ ಬೋಲ್ಟು. ಪಂಕ್ತೀಲಿ ಅನ್ನ ಬೀಳದೆ ಸಾರು ಹಾಕೋಕಾಗುತ್ತಾ? ಹಾಗೇ. ಒಬ್ಬ ಮಾಡ್ಬೇಕು, ಉಳಿದೋರು ಕಾಯ್ಬೇಕು."

ಎಂಥ ಉಪಮೆ ಎಂದು ನನಗೇ ಅನ್ನಿಸಿತು.

"ಆ ಒಬ್ಬ ಮಾಡ್ತಾನೆ, ಸರಿ. ನೀವೇನು ಮಾಡ್ತೀರಿ?"

"ನೋಡ್ತಾ ಇರ್ತೀನಿ."

"ನೋಡಿದ್ರೆ ಬೇಗ ಆಗುತ್ತಾ?"

ಇಲ್ಲ ಎನ್ನಬಾರದಿತ್ತು. ಅಂದುಬಿಟ್ಟೆ.

"ಹಾಗಾದ್ರೆ ಅದು ಇಲ್ಲಿ ತಿರುಗ್ಲಿ. ನೀವು ಅಲ್ಲಿ ತಿರುಗಿ."

ಆಯನೂರಿನಲ್ಲಿ ಒಬ್ಬ ಷಡ್ಡಕನಿಗೆ ಸೊಂಟನೋವು, ಇನ್ನೊಬ್ಬನ ಕಿವಿಗೆ ಫೋನು. ಉಳಿದ ಗಂಡಸರೆಲ್ಲ ಕಂಬಕ್ಕೊಬ್ಬರಂತೆ ಒರಗಿದ್ದರು.

"ಅಳಿಯಂದಿರೇ, ಸಾರು ಎಲ್ಲಿ?" ಎಂದರು ಮಾವ ರವಿಶಂಕರರು.

"ಮೊದಲು ಅನ್ನ ಬರ್ಬೇಕಲ್ಲ ಮಾವ."

"ಅನ್ನ ಯಾರು ತರ್ಬೇಕು?"

ನಾನೇ.

ಬಕೆಟ್ಟು ಹಿಡಿದು ಓಡುವಾಗಲೂ ಮನಸ್ಸು ಭದ್ರಾವತಿಯಲ್ಲಿ, ಜನ್ನಾಪುರದ ನಮ್ಮ ಮನೆಯ ಕಂಪ್ಯೂಟರಿನಲ್ಲೇ. ಕರೆಂಟು ಹೋಗಿದ್ದರೆ? ಹ್ಯಾಂಗ್ ಆಗಿದ್ದರೆ? ಸಂಜೆ ಮರಳಿ, ಚಪ್ಪಲಿ ಬಿಡದೆ ಓಡಿ ನೋಡಿದೆ. ಚಕ್ರ ಮಾಯ. ಶಾಫ್ಟು, ತೂತು, ಬೋಲ್ಟು ಎಲ್ಲವೂ ತಂತಮ್ಮ ಜಾಗದಲ್ಲಿ ನೆಮ್ಮದಿಯಾಗಿ ಕೂತಿದ್ದವು. ಮೌಸ್ ಎತ್ತಲಾರದ ಕೈಯಲ್ಲೇ ಡ್ರಾಯಿಂಗ್ ಕಳಿಸಿ, ಕುರ್ಚಿಗೊರಗಿ ಕಣ್ಣು ಮುಚ್ಚಿದೆ. ಬಾಸ್ ಬಾಯಿಂದಂತೂ ಪಾರಾದೆ.

ಪಕ್ಕದ ಕೋಣೆಯಿಂದ ಶ್ರೀಗೌರಿಯ ಫೋನಿನ ಮಾತು ಕೇಳಿಸಿತು.

"ಹೂಂ ಅಪ್ಪಾ, ದೊಡ್ಡಪ್ಪನ ಮನೆ ಪೂಜೆಗೂ ಖಂಡಿತ ಬರ್ತಾರೆ. ಇನ್ನು ಸಿಸ್ಟಮ್ ತೊಂದರೆ ಇಲ್ಲ. ಇವರಿಲ್ಲದಿದ್ರೂ ಅದರ ಕೆಲಸ ನಡೆಯುತ್ತೆ."