ಸ್ಟ್ಯಾಂಪಿನ ಕಾರಂಜಿ ನಮ್ಮ ಅಂಗಳಕ್ಕೆ ಬಂದದ್ದು

ನನ್ನ ಹಳೆಯ ಡೈರಿಯ ಜೂನ್ ಒಂಬತ್ತರ ಪುಟದಲ್ಲಿ ಹೀಗಿದೆ: “ಕಾರಂಜಿ ಕೆಲಸ ಶುರು. ಹೇಳಿದ್ದನ್ನು ಹೇಳಿದಂತೆಯೇ ಮಾಡಬೇಕೆಂದು ತಾಕೀತು ಮಾಡಿದ್ದೇನೆ.” ರಾಮನಗರದಲ್ಲಿ ನಾನು ತಾಕೀತು ಮಾಡಿದ ಕೆಲಸಗಳೆಲ್ಲ ಈ ಕಾರಂಜಿಯ ಹಾಗೇ ಆಗುತ್ತವೆ. ಬರೆದಿಡುವುದೊಂದೇ ನನ್ನ ಕೈಲಿರುವುದು.

೧. ಕುದುರೆಯ ಕಾಲು

ಕಾಲೇಜಿನಲ್ಲಿದ್ದಾಗ ವಿದೇಶದ ಪತ್ರಗೆಳತಿಯ ಕಾಗದದ ಮೇಲೆ ಬಂದ ಸ್ಟ್ಯಾಂಪು ಅದು. ಕಾರಂಜಿಯ ನಡುವೆ ತ್ರಿಶೂಲ ಹಿಡಿದು ನಿಂತ ಗ್ರೀಕರ ಸಮುದ್ರದೇವ, ಪಕ್ಕದಲ್ಲಿ ಮೀನಿನ ಬಾಲದ ಕುದುರೆ. ಎಂದಾದರೂ ಸ್ವಂತ ಮನೆ ಕಟ್ಟಿದರೆ ಅದರ ಮುಂದೆ ಅದೇ ಕಾರಂಜಿ ಇರಬೇಕೆಂದು ಅಂದೇ ನಿಶ್ಚಯಿಸಿದ್ದೆ. ಮನೆಯೇನೋ ಆಯಿತು. ಗುಡಿಗೋಪುರಗಳಿಗೆ ಗಾರೆ ಬೊಂಬೆ ಮಾಡುವ ಚನ್ನಪಟ್ಟಣದ ಮೇಸ್ತ್ರಿಯನ್ನು ಕರೆಸಿ, ಸ್ಟ್ಯಾಂಪಿನ ಜೊತೆ ಭೂತಗನ್ನಡಿಯನ್ನೂ ಕೊಟ್ಟೆ.

ವಾರ ಬಿಟ್ಟು ನೋಡಿದರೆ ಕುದುರೆಗೆ ನಾಲ್ಕು ಕಾಲು!

“ಮೀನಿನ ಬಾಲ ಎಲ್ರೀ?”

“ಸ್ಟ್ಯಾಂಪು ಒಸಿ ಚಿಕ್ಕದು ಕಣಮ್ಮ. ಪಾಪ, ಕಾಲು ಬರೆಯಾಕೆ ಜಾಗ ಸಾಲ್ದೆ ಬಾಲ ಸುತ್ಬುಟ್ಟವ್ರೆ. ನಿಮ್ಮ ಅಂಗಳ ದೊಡ್ಡದೈತಲ್ಲ!”

೨. ಬಟ್ಟೆ

ಸಮುದ್ರದೇವನ ಮೈಮೇಲೆ ನೂಲೆಳೆಯೂ ಇರಲಿಲ್ಲ. “ಹಿಂಗ್ ನಿಂತ್ಕಂಡ್ರೆ ಗೃಹಪ್ರವೇಶಕ್ಕೆ ಹೆಣ್ಮಕ್ಳು ಬರಾದೆಂಗೆ?” ಎಂದ ಮೇಸ್ತ್ರಿ ಹುಲಿಚರ್ಮ ಉಡಿಸಿದ. ಆಮೇಲೆ ಕೊರಳು ಬೋಳಾಗಿ ಕಂಡಿತಂತೆ, ಹಾವು ಬಂತು. ಹಾವಿಗೆ ಕುದುರೆ ಹೊಂದಲಿಲ್ಲವಂತೆ, ಕುದುರೆಗೆ ಕೊಂಬು ಬಂತು. ನಾನು ಎರಡು ದಿನ ನೆಂಟರ ಮದುವೆಗೆಂದು ಕನಕಪುರಕ್ಕೆ ಹೋಗಿದ್ದೇ ತಪ್ಪಾಯಿತು.

“ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವಳು! ಅವನು ಗ್ರೀಕರ ದೇವರು ಅಂತ ಎಷ್ಟು ಸಲ ಹೇಳಬೇಕು?”

“ಯಾವೂರೋರಾದ್ರೇನಮ್ಮ, ನಮ್ಮೂರಿಗೆ ಬಂದ್ಮೇಲೆ ನಮ್ಮಂಗಿರ್ಬೇಕಲ್ವಾ?”

೩. ಬಿಡ್ತು ಅನ್ನು

ಗೃಹಪ್ರವೇಶದ ದಿನ ಕೂಟಗಲ್‌ನಿಂದ ನಮ್ಮ ಯಜಮಾನರ ಅಕ್ಕ ಬಂದರು. ಕಾರಂಜಿ ಕಂಡದ್ದೇ ಗೇಟಿನಾಚೆ ಚಪ್ಪಲಿ ಬಿಟ್ಟರು, ಉಡುಗೊರೆಗೆ ತಂದಿದ್ದ ತೆಂಗಿನಕಾಯಿಯನ್ನು ಅದರ ಕಟ್ಟೆಗೇ ಒಡೆದರು.

“ಓದ್ದೋಳಾದ್ರೂ ಶಿವಪ್ಪನ್ನ ಮನೆ ಮುಂದ್ಕೇ ತಂದೆ ಕಣವ್ವ!”

“ಅಕ್ಕಾ, ಅದು ದೇವರಲ್ಲ, ಬರೀ ಕಾರಂಜಿ.”

“ಬುಡ್ತು ಅನ್ನು! ಒಳ್ಳೇ ದಿನ ಹಂಗನ್ಬಾರ್ದು!”

ನೆಂಟರೆಲ್ಲ ಕಾರಂಜಿಯ ನೀರನ್ನು ತೀರ್ಥವೆಂದು ಅಂಗೈಗೆ ಹಿಡಿದು ಕುಡಿಯತೊಡಗಿದರು. ತೊಟ್ಟಿಯ ನೀರು, ಯಾರ ಹೊಟ್ಟೆಯಾದರೂ ಕೆಟ್ಟರೆ? ಓಡಿಹೋಗಿ ಮೋಟಾರು ಆಫ್ ಮಾಡಿದೆ.

“ಅಯ್ಯೋ, ಗಂಗೆ ನಿಂತೋದ್ಲು!” ಎಂದು ಅಕ್ಕ ಕೂಗಿದ್ದೇ ತಡ, ಪುರೋಹಿತರು ಮಂತ್ರ ನಿಲ್ಲಿಸಿದರು. ನಮ್ಮ ಯಜಮಾನರು ಬೆವರು ಒರೆಸಿಕೊಂಡರು. ಇಡೀ ಚಪ್ಪರ ನನ್ನನ್ನೇ ನೋಡಿತು. ಬಿ.ಎ. ಓದಿದ ನಾನು ಎಲ್ಲರೆದುರು ಕೆನ್ನೆ ಬಡಿದುಕೊಂಡು “ಬಿಡ್ತು” ಎಂದು ಮತ್ತೆ ಸ್ವಿಚ್ ಹಾಕಿದೆ.

ಮುಂದಿನ ಸೋಮವಾರ ನಮ್ಮ ಬೀದಿಯೇ ತಂಬಿಗೆ ಹಿಡಿದು ಬಂತು. ಕೊನೆಗೆ ಈ ಕಾರಂಜಿಗೆ ಖರ್ಚಾದದ್ದು: ಸಿಮೆಂಟು, ಮರಳು, ಒಂದು ಮೋಟಾರು, ಭಕ್ತರು ಸಾಲು ನಿಲ್ಲಲೆಂದು ಬಿಟ್ಟುಕೊಟ್ಟ ಕಾರಿನ ಜಾಗ, ಮತ್ತು ಸೋಮವಾರ ಸೋಮವಾರ ಒಂದು ಹಂಡೆ ಪುಳಿಯೋಗರೆ.