ರವಿವಾರದ ಡಾಕ್ಟರರು

ಹುಬ್ಬಳ್ಳಿಯ ಅರ್ಧ ಊರು ಯಾವ ಮಗ್ಗಲಾಗಿ ಮಲಗುತ್ತದೆ ಎಂಬುದು ನಮ್ಮ ಕಾಕಾನಿಗೆ ಗೊತ್ತಿತ್ತು. ನಗಬೇಡಿ, ನಿಜವಾಗಿಯೂ ಗೊತ್ತಿತ್ತು! ಯಾರಿಗೆ ಗುಡುಗೆಂದರೆ ಭಯ, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಯಾವ ವಕೀಲರು ಕನಸಿನಲ್ಲಿ ಬಾವಿಗೆ ಬೀಳುತ್ತಾರೆ, ಯಾವ ಸಾಹುಕಾರರಿಗೆ ಬೆಳಗಿನ ಹೊತ್ತು ಸುಮ್ಮಸುಮ್ಮನೆ ಅಳು ಬರುತ್ತದೆ, ಎಲ್ಲವೂ ಅವನ ದಪ್ಪ ನೋಟುಬುಕ್ಕಿನಲ್ಲಿತ್ತು. ಪೊಲೀಸರಿಗೂ ಊರಿನ ಬಗ್ಗೆ ಇಷ್ಟು ತಿಳಿದಿರಲಿಕ್ಕಿಲ್ಲ. ಹಾಗಂತ ಅವನೇನೂ ಗೂಢಚಾರನಲ್ಲ. ರೈಲು ಸ್ಟೇಶನ್ನಿನ ಮಾಲು ಗೋದಾಮಿನಲ್ಲಿ ಗುಮಾಸ್ತ. ಆರು ದಿನ ಹತ್ತಿಯ ಅಂಡಿಗೆ, ಮೆಣಸಿನಕಾಯಿ ಚೀಲ ನೋಡಿಕೊಳ್ಳುತ್ತಿದ್ದ. ರವಿವಾರ ಬಂತೆಂದರೆ ಮನೆಯ ಕಟ್ಟೆಯ ಮೇಲೆ ಕೂತು ಡಾಕ್ಟರನಾಗುತ್ತಿದ್ದ.

ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಮಾತಿದು. ಆಗ ಹೋಮಿಯೋಪಥಿಯ ಹುಚ್ಚು ಹಿಡಿದ ಗಂಡಸರು ಓಣಿಗೊಬ್ಬರಾದರೂ ಸಿಗುತ್ತಿದ್ದರು. ಕಲಕತ್ತೆಯಿಂದ ಅಂಚೆಯಲ್ಲಿ ಒಂದು ಪೆಟ್ಟಿಗೆ ತರಿಸಿಕೊಂಡರೆ ಮುಗಿಯಿತು. ಅದರೊಳಗೆ ಸಾಬೂದಾಣಿಯಂಥ ಸಕ್ಕರೆ ಗುಳಿಗೆಗಳ ಸಣ್ಣ ಸಣ್ಣ ಶೀಶೆಗಳು, ಜೊತೆಗೊಂದು ದಪ್ಪ ಪುಸ್ತಕ. ಈ ವೈದ್ಯದಲ್ಲಿ ನಾಡಿ ನೋಡುವುದಕ್ಕಿಂತ ಪ್ರಶ್ನೆ ಕೇಳುವುದೇ ಹೆಚ್ಚು. ತಲೆನೋವು ಎಂದು ಬಂದವನು ತನಗೆ ಹುಳಿ ಸೇರುತ್ತದೋ ಸಿಹಿಯೋ, ಯಾರಾದರೂ ಸಮಾಧಾನ ಮಾಡಿದರೆ ಹಿತವಾಗುತ್ತದೋ ಸಿಟ್ಟು ಬರುತ್ತದೋ, ಎಲ್ಲಾ ಹೇಳಲೇಬೇಕು! ಎರಡು ಜಡೆಯ ಹುಡುಗಿ ನಾನು, ಹೈಸ್ಕೂಲು ಕಲಿಯಲೆಂದು ಹಳ್ಳಿಯಿಂದ ಕಾಕಾನ ಮನೆಗೆ ಬಂದಾಗ ಅವನು ನನ್ನ ಮಾರ್ಕು ಕೇಳಲಿಲ್ಲ. ನಾಲಗೆ ತೋರಿಸು ಅಂದ.

ಇವನೊಬ್ಬನೇ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಇದೇ ಹುಚ್ಚಿನವರು ಇನ್ನೂ ಮೂವರಿದ್ದರಲ್ಲ! ಒಬ್ಬರು ಕೋರ್ಟಿನ ಸಮನ್ಸು ಹಂಚುವ ಬೇಲೀಫರು, ಇನ್ನೊಬ್ಬರು ಡ್ರಾಯಿಂಗ್ ಮಾಸ್ತರರು, ಮತ್ತೊಬ್ಬರು ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಸಾಹೇಬರು. ರವಿವಾರ ನಾಲ್ವರೂ ತಮ್ಮ ಉದ್ಯೋಗವನ್ನು ಮನೆಯಲ್ಲಿಟ್ಟು ಬರುತ್ತಿದ್ದರು ಎಂದುಕೊಂಡಿರೋ, ಕೆಟ್ಟಿರಿ! ಬೇಲೀಫರು ತಂದೆಯ ಹೆಸರು, ಊರು, ವಯಸ್ಸು ಬರೆದುಕೊಳ್ಳದೆ ರೋಗಿಯನ್ನು ಕೆಮ್ಮಲಿಕ್ಕೂ ಬಿಡುತ್ತಿರಲಿಲ್ಲ. ಕಡೆಗೆ ಹೆಬ್ಬೆಟ್ಟೂ ಒತ್ತಿಸಿಕೊಳ್ಳುತ್ತಿದ್ದರು. ಮಾಸ್ತರರು ನಾಲಗೆಯ ಚಿತ್ರ ಬರೆಯುತ್ತಿದ್ದರು. ಚಿತ್ರ ಮುಗಿಯುವವರೆಗೆ ರೋಗಿ ನಾಲಗೆ ಒಳಗೆಳೆದುಕೊಳ್ಳುವಂತಿಲ್ಲ. ಸಾಹೇಬರಿಗೆ ಬೇಕಾದದ್ದು ವೇಳೆಯೊಂದೇ. ನೋವು ಬರುವುದು ನಾಲ್ಕಕ್ಕೋ, ನಾಲ್ಕು ಹೊಡೆದು ಹತ್ತು ಮಿನಿಟಿಗೋ? ಇನ್ನು ನಮ್ಮ ಕಾಕಾ ರೋಗಿಯನ್ನು ಹಿಂದೆ ಮುಂದೆ ತಿರುಗಿಸಿ, ಮಾಲು ಎಲ್ಲಿ ಒಡೆದಿದೆ ಎಂದು ನೋಡುವಂತೆ ನೋಡುತ್ತಿದ್ದ. ಒಮ್ಮೆ ಮೈಮರೆತು ನೆಗಡಿಯವನೊಬ್ಬನ ಪುಡಿಕೆಯ ಮೇಲೆ ‘ನೀರು ತಾಗದಂತೆ ಇಡತಕ್ಕದ್ದು’ ಎಂದು ಬರೆದುಕೊಟ್ಟ. ಪಾಪ, ಆ ಮನುಷ್ಯ ಹದಿನೈದು ದಿನ ಸ್ನಾನ ಮಾಡಲಿಲ್ಲವಂತೆ!

ಈ ಗುಳಿಗೆಗಳ ಮಡಿಯೂ ಬಹಳ. ಕರ್ಪೂರ, ಇಂಗು, ಉಳ್ಳಾಗಡ್ಡೆ, ಯಾವುದರ ವಾಸನೆಯೂ ಅವಕ್ಕೆ ಆಗದು. ಕಾಕಾನ ಹೆಂಡತಿ, ನಮ್ಮ ಕಾಕು, ಇಂಗಿನ ಡಬ್ಬಿಯನ್ನು ನೆರೆಮನೆಯಲ್ಲಿ ಇಟ್ಟಿದ್ದಳು. ಸಾರು ಕುದಿದ ಮೇಲೆ ಪಾತ್ರೆ ಎತ್ತಿಕೊಂಡು ಅಲ್ಲಿಗೇ ಹೋಗಿ ಒಗ್ಗರಣೆ ಕೊಟ್ಟು ತರುತ್ತಿದ್ದಳು. ರೋಗಿಗಳಿಗೆ ಕಾಫಿಯೂ ಬಂದ್. ಹಾಗಾದರೆ ಚಹಾ? ಈ ಪ್ರಶ್ನೆ ಬಂದಾಗ ನಾಲ್ವರು ಡಾಕ್ಟರರಿಗೂ ಒಮ್ಮೆಲೇ ಕೆಮ್ಮು ಬರುತ್ತಿತ್ತು, ಯಾಕೆಂದರೆ ಕಾಕು ರವಿವಾರ ಮೂರು ಸಲ ಚಹಾ ಮಾಡಿ ಹೊರಗೆ ಕಳಿಸಬೇಕಾಗುತ್ತಿತ್ತು.

ಆದರೂ ಜನ ಬರುತ್ತಿದ್ದರು. ಯಾಕೆ ಬರುತ್ತಿದ್ದರು ಎಂಬುದು ನನಗೆ ತಿಳಿದದ್ದು ಗಬ್ಬೂರಿನ ಹಾಲಿನ ಮುದುಕಿಯಿಂದ. ಸೊಂಟನೋವು ಎಂದು ಬಂದವಳನ್ನು ಬೇಲೀಫರು, ಒಬ್ಬಳೇ ಇದ್ದಾಗ ಅಳು ಬರುತ್ತದೇನು ಎಂದು ಕೇಳಿದರು.

"ಅಳಾಕ ಪುರಸತ್ತ ಎಲ್ಲೈತ್ರಿ ಯಪ್ಪಾ?" ಅಂದಳು.

ಮುಂದಿನ ರವಿವಾರ ಮತ್ತೆ ಬಂದಳು. ವಿಚಾರಿಸಿದರೆ ಗುಳಿಗೆಗಳನ್ನು ಮೊಮ್ಮಗಳು ಸಕ್ಕರೆಯೆಂದು ತಿಂದುಬಿಟ್ಟಿದ್ದಳು. ಬೇರೆ ಗುಳಿಗೆ ಬೇಕೇ ಎಂದರೆ ಅದೂ ಬೇಡವಂತೆ. ಮತ್ತೇಕೆ ಬಂದೆ ಎಂದು ಕಾಕಾ ಕೇಳಿದ್ದಕ್ಕೆ, ನೀವು ಕೇಳುವುದು ಚಲೋ ಇರುತ್ತದೆ, ಇನ್ನಷ್ಟು ಕೇಳಿ ಎಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತುಬಿಟ್ಟಳು! ನಾವೆಲ್ಲ ವಾರಗಟ್ಟಲೆ ನಕ್ಕೆವು.

ಕಾಕು ಮಾತ್ರ ನಗಲಿಲ್ಲ. ದಸರೆಯ ಹೊತ್ತಿಗೆ ಅವಳ ಊಟವೂ ಕಡಿಮೆಯಾಯಿತು. ಬಡಿಸಿಕೊಂಡದ್ದನ್ನು ಬೆರಳಿನಿಂದ ಆಚೀಚೆ ಸರಿಸಿ ಏಳುತ್ತಿದ್ದಳು. ದೀಪಾವಳಿ ಮುಗಿಯುವಷ್ಟರಲ್ಲಿ ಮುಂಗೈಯ ಬಳೆ ಮೊಣಕೈಗೆ ಏರತೊಡಗಿತು. ಕಾಕಾ ತಾನು ಬಾಯಿಗೆ ಬಂದಂತೆ ಹಳಿಯುತ್ತಿದ್ದ ಸರಕಾರಿ ಡಾಕ್ಟರರನ್ನು ತಾನೇ ಹೋಗಿ ಕೈಮುಗಿದು ಕರೆತಂದ. ಅವರು ರೋಗವೇನೂ ಕಾಣುವುದಿಲ್ಲ ಎಂದು ಶಕ್ತಿಯ ಔಷಧ ಬರೆದುಕೊಟ್ಟರು. ಕಾಕು ಅದನ್ನೂ ಕುಡಿದಳು, ಇನ್ನಷ್ಟು ಸೊರಗಿದಳು. ಕಾಕಾ ಗಡ್ಡ ಮಾಡಿಕೊಳ್ಳುವುದನ್ನು ಮರೆತ. ಅವಳು ಉಳಿಯಲಿಕ್ಕಿಲ್ಲ ಎಂದು ನನಗೂ ಒಳಗೊಳಗೇ ಹೆದರಿಕೆ ಹತ್ತಿತ್ತು.

ತನ್ನ ಮನೆಯ ರೋಗಿಗೆ ತಾನೇ ಔಷಧ ಕೊಡಬಾರದೆಂದು ನಾಲ್ವರೂ ಮಾಡಿಕೊಂಡ ನೇಮವಿತ್ತು. ಹಾಗಾಗಿ ಒಂದು ರವಿವಾರ ಕಾಕಾ ಬಂದ ರೋಗಿಗಳನ್ನೆಲ್ಲ ತಿರುಗಿ ಕಳಿಸಿ, ಗೆಳೆಯರ ಮುಂದೆ ಕಾಕುನ ಕೇಸು ಇಟ್ಟ. ಕಾಕು ಪರಗಂಡಸರ ಮುಂದೆ ಬರುವವಳಲ್ಲ. ಅವಳ ಪರವಾಗಿ ಕಾಕಾನೇ ಉತ್ತರ ಹೇಳುವುದೆಂದಾಯಿತು.

ಬೇಲೀಫರು ಯಾವ ಮಗ್ಗಲಾಗಿ ಮಲಗುತ್ತಾರೆ ಎಂದು ಕೇಳಿದರು. ಕಾಕಾ ಯೋಚಿಸಿದ. ಹುಳಿಯೋ ಸಿಹಿಯೋ ಎಂದರೆ, ಏನಿದ್ದರೆ ಅದನ್ನು ತಿನ್ನುತ್ತಾಳೆ ಅಂದ. ಕನಸು? ಗೊತ್ತಿಲ್ಲ. ಸಂಕಟ ಯಾವ ಹೊತ್ತಿಗೆ ಹೆಚ್ಚು? ಅದೂ ಗೊತ್ತಿಲ್ಲ. ಊರ ವಕೀಲರ ಕನಸು ಬಲ್ಲ ನಮ್ಮ ಕಾಕಾ, ಹದಿನೆಂಟು ವರ್ಷ ಸಂಸಾರ ಮಾಡಿದ ಹೆಂಡತಿಯ ಬಗ್ಗೆ ಒಂದಕ್ಕೂ ಉತ್ತರ ಹೇಳಲಾರದೆ ಬೆವರಿದ. ಕಡೆಗೆ ಸಾಹೇಬರು ಮೆಲ್ಲಗೆ ಅಂದರು: "ರಾಯರ, ನೀವ ಒಳಗ ಹೋಗಿ ಅವರನ್ನ ಕೇಳ್ಕೊಂಡ ಬರ್ರಿ. ನಾವು ಇಲ್ಲೇ ಕುಂತಿರ್ತೇವಿ."

ಕಾಕಾ ಪ್ರಶ್ನೆಗಳ ಕಾಗದ ಹಿಡಿದು ಅಡಿಗೆಮನೆಗೆ ಬಂದ. ಕಾಕು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ನಾನು ಮೂಲೆಯಲ್ಲಿ ಕಾಯಿಪಲ್ಯ ಹೆಚ್ಚುತ್ತಿದ್ದೆ. ಅವನು ಅವಳೆದುರು ನೆಲದ ಮೇಲೆ ಕೂತ. ಅವನು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೀ ಯಾವ ಮಗ್ಗಲಾಗಿ ಮಲಗ್ತಿ?"

"ಎಡಕ್ಕ. ಬಲಕ್ಕ ಮಲಗಿದ್ರ ನಿಮ್ಮ ಗೊರಕಿ ಕಿವಿಗೆ ಬೀಳ್ತದ."

ಕಾಕಾ ಬರೆದುಕೊಂಡ. ಹುಳಿ ಸೇರುತ್ತದಂತೆ, ಅವನಿಗೆ ಆಗುವುದಿಲ್ಲವೆಂದು ಮದುವೆಯಾದಾಗಿನಿಂದ ಮಾಡಿಲ್ಲವಂತೆ. ಅದನ್ನೂ ಬರೆದುಕೊಂಡ. ಮುಂದಿನ ಪ್ರಶ್ನೆಯನ್ನು ಅವನು ಊರ ಜನಕ್ಕೆಲ್ಲ ನೂರಾರು ಸಲ ಕೇಳಿದ್ದ. ಆದರೂ ಈ ಸಲ ಕಾಗದ ನೋಡಿಕೊಂಡೇ ಕೇಳಿದ.

"ಒಬ್ಬಾಕಿನ ಇದ್ದಾಗ ಅಳು ಬರ್ತದೇನು?"

"ಬರ್ತದ."

"ಯಾವಾಗ?"

"ರವಿವಾರ."

ಆಮೇಲೆ ಕಾಕು ಅಕ್ಕಿಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು. ಹಿಂದಿನ ಚೈತ್ರದಲ್ಲಿ ಧಾರವಾಡದಲ್ಲಿ ಅವಳ ತಾಯಿ ತೀರಿಕೊಂಡದ್ದು ನನಗೂ ಗೊತ್ತಿತ್ತು. ಇಬ್ಬರೂ ಸಂಜೆ ಹೊರಟು ಹೋಗುವಷ್ಟರಲ್ಲಿ ಎಲ್ಲಾ ಮುಗಿದುಹೋಗಿತ್ತು. ಸುದ್ದಿ ತಡವಾಗಿ ಮುಟ್ಟಿತೆಂದೇ ಕಾಕಾ ತಿಳಿದಿದ್ದ. ತಡವಾಗಿರಲಿಲ್ಲ. ತಾಯಿಗೆ ಬಹಳ ಆಗಿದೆ, ಬೇಗ ಬಾ ಎಂದು ಅಣ್ಣ ಕಳಿಸಿದ ಆಳು ಮಧ್ಯಾಹ್ನವೇ ಹಿತ್ತಲ ಬಾಗಿಲಿಗೆ ಬಂದು ಹೇಳಿಹೋಗಿದ್ದ. ಅಂದು ರವಿವಾರ. ಕೇಸು ನಡೆದಾಗ ಮನೆಯವರಾರೂ ನಡುವೆ ಕರೆಯಬಾರದೆಂದು ಕಾಕಾನ ಕಟ್ಟಪ್ಪಣೆ. ಒಬ್ಬನದು ಮುಗಿಯಲಿ ಎಂದು ಕಾಕು ಕಾದಳು. ಅಷ್ಟರಲ್ಲಿ ಇನ್ನೊಬ್ಬ ಬಂದು ಕೂತ. ಮಧ್ಯಾಹ್ನದ ಗಾಡಿ ಹೋಯಿತು.

"ಅವ್ವ ಕಡೀತನಾ ನನ್ನ ಹಾದಿ ನೋಡಿದ್ದಳಂತ. ನಾ ಬಾಗಲದ ಹಿಂದ ನಿಂತಿದ್ದೆ. ನೀವು ಯಾರಿಗೋ, ಕನಸು ಬೀಳ್ತಾವೇನು ಅಂತ ಕೇಳ್ಲಿಕ್ಕತ್ತಿದ್ರಿ."

ನನ್ನ ಕೈಯೊಳಗಿನ ಕೆಲಸ ನಿಂತಿತು. ಕಾಕಾ ಬರೆಯುವುದನ್ನು ಬಿಟ್ಟು ಅವಳ ಮುಖ ನೋಡಿದ.

"ಇಷ್ಟು ದಿನಾ ನನಗ್ಯಾಕ ಹೇಳ್ಲಿಲ್ಲ?"

"ಇವತ್ತ ಕೇಳಿದ್ರಿ."

ತಪ್ಪಾಯಿತು ಎನ್ನುವ ರೂಢಿ ಆ ಕಾಲದ ಗಂಡಸರಿಗೆ ಎಲ್ಲಿಂದ ಬರಬೇಕು? ಕಾಕಾ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟ. ಮೊರವನ್ನು ತನ್ನ ಕಡೆ ಎಳೆದುಕೊಂಡು, ಬಾರದ ಕೈಯಿಂದ ಹರಳು ಆರಿಸತೊಡಗಿದ. ಹರಳಿನ ಜೊತೆ ಒಳ್ಳೆಯ ಅಕ್ಕಿಯೂ ನೆಲಕ್ಕೆ ಬೀಳುತ್ತಿತ್ತು. ಆಮೇಲೆ, ಆ ದಪ್ಪ ಪುಸ್ತಕದ ಯಾವ ಪುಟದಲ್ಲೂ ಇಲ್ಲದ ಪ್ರಶ್ನೆ ಕೇಳಿದ.

"ನಿಮ್ಮವ್ವ ನಿನ್ನ ಏನಂತ ಕರೀತಿದ್ದಳು?"

ಕಾಕು ಹೇಳಿದಳು. ಹೇಳುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಚೈತ್ರದಿಂದ ಹಿಡಿದಿಟ್ಟ ಅಳು, ಕಟ್ಟೆಗೆ ಕೇಳಿಸಬಾರದೆಂಬ ಎಚ್ಚರವೂ ಅದಕ್ಕಿರಲಿಲ್ಲ. ಕಾಕಾನ ಕಣ್ಣಲ್ಲೂ ನೀರು ಬಂದಿತ್ತು. ನನ್ನದನ್ನು ಕೇಳಲೇಬೇಡಿ. ಅವಳು ತಾಯಿಯ ಮಾತು ಹೇಳುತ್ತ ಹೋದಳು, ಕಾಕಾ ಕೇಳುತ್ತ ಹೋದ. ಎಷ್ಟೋ ಹೊತ್ತಿನ ಮೇಲೆ ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಕರೆದಳು.

"ತಂಗೀ, ಲಗೂ ಅನ್ನಕ್ಕ ಇಡವಾ. ಹಸಿವ್ಯಾಗೇದ."

ಅಕ್ಕಿ ತೊಳೆಯಲು ಎದ್ದಾಗ ಬಾಗಿಲ ಸಂದಿಯಿಂದ ಕಟ್ಟೆ ಕಂಡಿತು. ಮೂವರೂ ಕೂತಲ್ಲಿಯೇ ಇದ್ದರು. ಹಸಿವೆಯಾಗಿದೆ ಎಂದ ಕಾಕುನ ಮಾತು ಅವರಿಗೂ ಕೇಳಿಸಿತ್ತು.

"ದವಾ ಶುರು ಆಗೇತಿ. ಏಳ್ರಿ," ಅಂದರು ಸಾಹೇಬರು.

ಒಳಗೆ ಸಪ್ಪಳ ಕೇಳಿಸಬಾರದೆಂದು ಮೂವರು ಡಾಕ್ಟರರೂ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಮೆಟ್ಟಿಲು ಇಳಿದು ಹೋದರು.